ಲೋರ್ನಾಳ ಬಗ್ಗೆ ವೆಂಡೆಲ್ ಕೊಟ್ಟ ಉತ್ತರ

ಹೆಂಡತಿಯ ಓದು ಕಂಡರೆ ವೆಂಡೆಲ್‌ಗೆ ಹೊಟ್ಟೆಕಿಚ್ಚು. ಅವನನ್ನೇ ಕೇಳಿ ನೋಡಿ, ಛೆ ಛೆ, ಹಾಗೇನಿಲ್ಲ, ಪಾಪ ಅವಳಿಗೆ ನಿದ್ದೆ ಸಾಲುತ್ತಿಲ್ಲ ಅನ್ನೋ ಚಿಂತೆ ಅಷ್ಟೇ ಎನ್ನುತ್ತಿದ್ದ. ಹಸಿ ಸುಳ್ಳು. ಲೋರ್ನಾ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿದಳೆಂದರೆ ಸಾಕು, ಈ ಮಹಾನುಭಾವನಿಗೆ ಬಾಯಿಗಿಟ್ಟ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಓಹಾಯೋದ ಆ ಸಣ್ಣ ಊರಿನಲ್ಲಿ ಕೆಲಸವೆಂದರೆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕೆಲಸ. ವೆಂಡೆಲ್ ಅಲ್ಲಿ ಇಪ್ಪತ್ತೆರಡು ವರ್ಷ ಸವೆಸಿ ಮೂರನೇ ಲೈನಿನ ಮುಖ್ಯಸ್ಥನಾಗಿದ್ದ. ಹಾಳೆ ಮಡಚಿ, ಅಂಟು ಹಚ್ಚಿ, ಪೆಟ್ಟಿಗೆ ಮಾಡಿ ಆಚೆ ನೂಕುವ ಆ ಉದ್ದನೆಯ ಯಂತ್ರದ ಒಂದೊಂದು ಸದ್ದೂ ತನಗೆ ಗೊತ್ತು ಎಂಬುದು ಅವನ ಹೆಮ್ಮೆ. ಲೋರ್ನಾ ಬಂದು ಸೇರಿದ್ದು ಅವನಾದ ಒಂಬತ್ತು ವರ್ಷದ ಮೇಲೆ. ಅವಳಿಗೆ ಕೆಲಸ ಕಲಿಸಿದವನು ಅವನೇ. ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಎಂದು ಅವಳು ದಿನಕ್ಕೆ ನೂರು ಸಲ ಕೇಳುತ್ತಿದ್ದಳು, ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಕೇಳುತ್ತ ಹೇಳುತ್ತಲೇ ಮದುವೆಯೂ ಆಗಿಹೋಯಿತು.

ಆ ಕಂಪನಿಯಲ್ಲೊಂದು ಏರ್ಪಾಡಿತ್ತು. ಕೆಲಸ ಮಾಡುತ್ತಲೇ ಕಾಲೇಜಿಗೆ ಸೇರಿದವರ ಶುಲ್ಕವನ್ನು ಕಂಪನಿಯೇ ಕಟ್ಟುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ಬಿಟ್ಟು ಹೋಗುವಂತಿಲ್ಲ. ಒಂದೊಂದು ಅವಧಿ ಪಾಸಾದಾಗಲೂ ಕ್ಯಾಂಟೀನಿನಲ್ಲಿ ಪಾಸಾದವರ ಹೆಸರು ಬರೆದ ದೊಡ್ಡ ಕೇಕು. ಆರು ವರ್ಷದ ಹಿಂದೆ ಮೊಟ್ಟಮೊದಲು ಹೆಸರು ಕೊಟ್ಟವನು ನಮ್ಮ ವೆಂಡೆಲ್ಲೇ. ಮೂರನೇ ವಾರಕ್ಕೆ ಬೀಜಗಣಿತ ಅವನ ಎದೆಯ ಮೇಲೆ ಹತ್ತಿ ಕೂತಿತು. ಆ ಮೇಷ್ಟ್ರಿಗೆ ಪಾಠ ಮಾಡೋಕೇ ಬರಲ್ಲ ಎಂದು ಊರೆಲ್ಲ ಸಾರಿ ಬಿಟ್ಟುಬಂದ. ಅವನ ಹೆಸರಿನ ಕೇಕನ್ನು ಯಾರೂ ಕತ್ತರಿಸಲಿಲ್ಲ. ಲೋರ್ನಾಳ ಹೆಸರಿನ ಕೇಕನ್ನು ಆಗಲೇ ಮೂರು ಸಲ ತಿಂದಿದ್ದರು. ಅವಳಿಗೆ ಇನ್ನೆರಡೇ ಅವಧಿ ಬಾಕಿ. ಮುಗಿದರೆ ಅವಳು ರಿಪೇರಿ ವಿಭಾಗದಲ್ಲಿ ಪಕ್ಕಾ ತಂತ್ರಜ್ಞೆ. ಲೈನಿನವರ ಬೂದು ಅಂಗಿ ಬಿಚ್ಚಿ ರಿಪೇರಿಯವರ ನೀಲಿ ಅಂಗಿಯನ್ನು ಅವಳು ಈಗಾಗಲೇ ತೊಟ್ಟಿದ್ದಳು.

ನೀಲಿ ಅಂಗಿಯನ್ನಾದರೂ ಅವನು ಸಹಿಸಿಕೊಂಡಾನು. ಸಹಿಸಲಾಗದ್ದು ಡೆಸ್ಮಂಡ್. ಅವನು ಪಕ್ಕದ ಊರಿನ ಡೈರಿಯಲ್ಲಿ ಕೆಲಸ ಮಾಡುವವನು, ಲೋರ್ನಾಳ ತರಗತಿಯವನು. ಸಂಜೆಯಾದರೆ ಸಾಕು, ಅವನ ಫೋನು.

"ಹಾಗಲ್ಲ ಡೆಸ್ಮಂಡ್, ಸಿಗ್ನಲ್ ಅಲ್ಲೇ ನಿಂತ್ಹೋಗತ್ತೆ ನೋಡು," ಎಂದು ಲೋರ್ನಾ ಪೆನ್ಸಿಲ್ ಕಚ್ಚಿಕೊಂಡು ನಗುತ್ತಿದ್ದಳು.

"ಅವನಿಗೆ ಮನೆ ಮಠ ಇಲ್ವಾ?" ಎಂದ ವೆಂಡೆಲ್ ಒಂದು ಸಂಜೆ, ಅವಳು ಫೋನಿಟ್ಟ ಮೇಲೆ.

"ಇದೆ ಕಣೋ. ಹೆಂಡ್ತಿ ಇದಾಳೆ, ಅವಳಿ ಮಕ್ಳಿದಾರೆ. ಪಾಪ, ಅವು ಮಲಗಿದ ಗಳಿಗೇಲಿ ಫೋನ್ ಮಾಡ್ತಾನೆ."

"ಅರ್ಥ ಆಗದೆ ಇರೋದು ಏನಾದ್ರೂ ಇದ್ರೆ ನನ್ನ ಕೇಳ್ಬೋದಲ್ಲ. ಇಪ್ಪತ್ತೆರಡು ವರ್ಷ ಆ ಯಂತ್ರದ ಪಕ್ಕ ನಿಂತಿದೀನಿ."

ಲೋರ್ನಾ ಪುಸ್ತಕವನ್ನು ಅವನ ಕಡೆ ತಿರುಗಿಸಿ, "ಬಾ, ನೋಡು, ಇದೊಂದು ಹೇಳ್ಕೊಡು," ಎಂದಳು. ಅವಳು ಕೇಳಿದ್ದು ಕುಹಕದಿಂದಲ್ಲ, ನಿಜವಾಗಿಯೇ. ವೆಂಡೆಲ್ ಆ ಗೆರೆಗಳನ್ನೂ ಗುರುತುಗಳನ್ನೂ ನೋಡಿದ. ಒಂದಕ್ಷರ ತಲೆಗೆ ಹೋಗಲಿಲ್ಲ.

"ಕನ್ನಡಕ ಕಾರಲ್ಲಿದೆ," ಎಂದು ಎದ್ದುಹೋಗಿ ಟೀವಿ ಮುಂದೆ ಕೂತ. ಕೂತವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕಾಲಕ್ಕೆ ಅವಳ ಪ್ರಶ್ನೆಗಳೆಲ್ಲ ಅವನವೇ ಆಗಿದ್ದವು. ಈಗ ಯಾವನೋ ಡೈರಿಯವನು ಬಂದು ಬಾಚಿಕೊಂಡು ಹೋಗುತ್ತಿದ್ದಾನೆ ಎಂದೇ ಅವನಿಗೆ ಅನ್ನಿಸಿತು.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಮೂರನೇ ಲೈನು ಕೆಟ್ಟು ನಿಂತಿತು. ವೆಂಡೆಲ್ ಕಿವಿಗೊಟ್ಟ, ತಟ್ಟಿದ, ಪಟ್ಟಿ ಸಡಿಲಿಸಿದ, ಬಿಗಿಮಾಡಿದ, ಬೈದ. ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ನೀಲಿ ಅಂಗಿಯ ಲೋರ್ನಾ ಬಂದಳು. ಪುಟ್ಟ ಕಂಪ್ಯೂಟರ್ ತಂದು ಯಂತ್ರಕ್ಕೆ ಚುಚ್ಚಿ, ಎರಡು ನಿಮಿಷ ನೋಡಿ, ಬಗ್ಗಿ, ಹಾಳೆ ಬಂತೋ ಇಲ್ಲವೋ ಎಂದು ನೋಡುವ, ಹೆಬ್ಬೆರಳಿನಷ್ಟು ದಪ್ಪದ ಸೆನ್ಸರ್ ಕಣ್ಣೊಂದನ್ನು ಒಳಗಿನಿಂದ ಬಿಚ್ಚಿ ಹೊಸದನ್ನು ಹಾಕಿದಳು. ಯಂತ್ರ ಗುಡುಗುಟ್ಟಿಕೊಂಡು ಹೊರಟಿತು. ಇಡೀ ಲೈನು ಸಿಳ್ಳೆ ಹೊಡೆಯಿತು.

"ಏನ್ ಗುರು," ಎಂದು ಕೂಗಿದ ಡ್ವೇನ್. ವೆಂಡೆಲ್ ಜೊತೆ ಹದಿನೈದು ವರ್ಷದಿಂದ ಲೈನಿನಲ್ಲಿ ದುಡಿಯುವವನು, ನಾಲಿಗೆಗೆ ಲಗಾಮಿಲ್ಲದವನು. "ಮನೇಲಿ ನೀನು ಕೆಟ್ಟು ನಿಂತ್ರೂ ಇವಳೇ ಹಿಂಗೇ ಚುಚ್ಚಿ ನೋಡ್ತಾಳಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುಮ್ನಿರೋ ಮಾರಾಯ, ಇವನೇ ನನ್ನ ಮೊದಲನೇ ಮೇಷ್ಟ್ರು," ಎಂದಳು ಲೋರ್ನಾ, ಗಂಡನ ಭುಜ ತಟ್ಟಿ. ಅವಳು ಮನಸ್ಸಿನಿಂದ ಹೇಳಿದ್ದು. ಆದರೆ ಹೊಟ್ಟೆಯುರಿ ಹತ್ತಿದವನಿಗೆ ಒಳ್ಳೆಯ ಮಾತೂ ಖಾರ. ಮೊದಲನೇ ಮೇಷ್ಟ್ರಂತೆ! ಹಾಗಾದರೆ ಈಗಿನ ಮೇಷ್ಟ್ರು ಯಾರು? ವೆಂಡೆಲ್‌ನ ಮುಖ ಹುಳ್ಳಗಾಯಿತು.

ಅದೇ ಮಧ್ಯಾಹ್ನ ಅವನಿಗೆ ಆಫೀಸಿನಿಂದ ಕರೆ ಬಂತು. ಸಿಬ್ಬಂದಿ ವಿಭಾಗದ ಗ್ಲೆಂಡಾ ಪ್ರೂಯಿಟ್ ಮೇಡಂ ಕಾಫಿ ಕೊಟ್ಟು ಕೂರಿಸಿದರು. ಒಳ್ಳೆಯ ಹೆಂಗಸು, ಆದರೆ ತಲೆಯ ಮೇಲೆ ಮೇಲಿನವರ ಕತ್ತಿ ತೂಗುತ್ತಿತ್ತು.

"ವೆಂಡೆಲ್, ಇದು ನಮ್ಮಿಬ್ರಲ್ಲೇ ಇರ್ಲಿ. ಓದು ಮುಗಿಸಿದ ಏಳು ಜನದಲ್ಲಿ ಐದು ಜನ ಎರಡು ವರ್ಷ ತುಂಬಿದ ಮಾರನೇ ದಿನವೇ ಕೈ ಬೀಸ್ಕೊಂಡು ಹೋದ್ರು. ಓದ್ಸೋದು ನಾವು, ಲಾಭ ಬೇರೆಯವ್ರಿಗೆ, ಇದನ್ನ ಯಾಕೆ ಇಟ್ಕೊಂಡಿದೀರಿ ಅಂತ ಹೆಡ್ಡಾಫೀಸಿನೋರು ನನ್ನ ಕುತ್ತಿಗೆ ಮೇಲೆ ಕೂತಿದಾರೆ. ಇನ್ಮೇಲೆ ಉಳಿಯೋರಿಗೆ ಮಾತ್ರ ಶುಲ್ಕ ಕಟ್ಟೋದಂತೆ. ಲೋರ್ನಾ ಉಳೀತಾಳಾ?"

ಲೈನಿನ ಮುಖ್ಯಸ್ಥ ಎಂದು ತನ್ನನ್ನು ಕೇಳುತ್ತಿದ್ದಾರೆ ಎಂದುಕೊಂಡ ವೆಂಡೆಲ್. ಉಳಿಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವಳ ಅಮ್ಮ ಇದೇ ಊರಿನಲ್ಲಿದ್ದಳು. ಬೇಸಿಗೆಗೆ ಹಿತ್ತಲಲ್ಲಿ ಟೊಮೇಟೊ ಹಾಕುವ ಮಾತು ಭಾನುವಾರವಷ್ಟೇ ಆಡಿದ್ದಳು. ಹೂಂ ಎಂದು ಒಂದು ಮಾತು ಹೇಳಿ ಎದ್ದುಬಂದಿದ್ದರೆ ಮುಗಿದಿತ್ತು.

ಕಿವಿಯಲ್ಲಿನ್ನೂ ಆ ಸಿಳ್ಳೆ ಇತ್ತು.

"ನಾನೇನ್ ಹೇಳ್ಲಿ ಮೇಡಂ," ಎಂದ. "ಕೊಲಂಬಸ್‌ ಸಿಟೀಲಿ ಇಂಥೋರಿಗೆ ಕೆಲಸ ಬೇಕಾದಷ್ಟಿದೆ. ಕಾಲೇಜಿನ ಸ್ನೇಹಿತರೆಲ್ಲ ಅದೇ ಮಾತಾಡ್ತಾರೆ. ಅವಳ ಜಾಗದಲ್ಲಿ ನಾನಿದ್ದಿದ್ರೆ ಹೋಗ್ತಿದ್ದೆ."

ಮೇಡಂ ಪೆನ್ನು ಎತ್ತಿಕೊಂಡು ಬರೆದರು. ಅವರು ಬರೆಯುವುದನ್ನು ನೋಡುತ್ತ ಅವನಿಗೆ ತಣ್ಣಗಾಯಿತು ಎಂದರೆ ನೀವು ಅವನನ್ನು ಬೈಯುತ್ತೀರಿ. ಬೈಯಿರಿ. ಆ ಹೊತ್ತಿಗೆ ಅವನಿಗೆ ಹಾಯೆನಿಸಿದ್ದು ನಿಜ. ಅವಳು ಮತ್ತೆ ಬೂದು ಅಂಗಿ ಹಾಕಿಕೊಂಡು ತನ್ನ ಪಕ್ಕದಲ್ಲಿ ನಿಂತು ಇದ್ಯಾಕೆ ಹೀಗೆ ಎಂದು ಕೇಳುವುದನ್ನು ಅವನು ಕಣ್ಣಮುಂದೆ ಕಂಡ.

ಎಂಟು ದಿನ ಕಳೆದ ಮೇಲೆ ಒಂದು ಸಂಜೆ ಅವನು ಮನೆಗೆ ಬಂದಾಗ ಒಲೆಯ ಮೇಲೆ ಬೀನ್ಸ್ ಕಾಳು ಮತ್ತು ಕೊಚ್ಚಿದ ಮಾಂಸದ ಸಾರು ಸೀದು ಹೊಗೆಯಾಡುತ್ತಿತ್ತು. ಲೋರ್ನಾ ಕೈಯಲ್ಲಿ ಕಾಗದ ಹಿಡಿದು ಕೂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನಿಲ್ಲಿಸ್ಬಿಟ್ರು ಕಣೋ. ಇನ್ನೆರಡು ಅವಧಿ ಇತ್ತು, ಶುಲ್ಕ ಕೊಡಲ್ಲ ಅಂದ್ಬಿಟ್ರು. ರಿಪೇರಿ ವಿಭಾಗದಿಂದ್ಲೂ ವಾಪಸ್ ಲೈನಿಗೆ ಹೋಗ್ಬೇಕಂತೆ. ನಾನು ಬಿಟ್ಟು ಹೋಗೋ ಪೈಕಿಯಂತೆ!"

ವೆಂಡೆಲ್ ಒಲೆ ಆರಿಸಿದ. "ಯಾರು ಹೇಳಿದ್ರಂತೆ?"

"ಅದೇ ನನಗೂ ಬೇಕಾಗಿರೋದು. ಈ ಸಲ ಹೊಸ ಪದ್ಧತಿ ಮಾಡಿದ್ರು ಗೊತ್ತಾ? ನಿನ್ನನ್ನ ಚೆನ್ನಾಗಿ ಬಲ್ಲ ಒಬ್ಬರ ಹೆಸರು ಬರಿ, ಅವ್ರನ್ನ ಕೇಳಿ ತೀರ್ಮಾನ ಮಾಡ್ತೀವಿ, ಮೊದ್ಲೇ ಅವ್ರಿಗೆ ಹೇಳಂಗಿಲ್ಲ ಅಂದ್ರು. ನಾನು ನಿನ್ನ ಹೆಸರೇ ಬರೆದೆ. ಇನ್ಯಾರ್ದು ಬರೀಲಿ? ಆದ್ರೆ ಆ ಪ್ರೂಯಿಟ್ ನಿನ್ನ ಕೇಳೇ ಇಲ್ಲ ಅನ್ಸತ್ತೆ. ಕೇಳಿದ್ದಿದ್ರೆ ಹೀಗಾಗ್ತಿತ್ತಾ ಹೇಳು?"

ವೆಂಡೆಲ್ ತಳ ಹಿಡಿದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ತಿಕ್ಕುತ್ತ ನಿಂತ.

"ನಾಳೆ ಹೋಗಿ ನನ್ನ ಬಗ್ಗೆ ಬರ್ಕೊಂಡಿರೋ ಹಾಳೆ ತೋರ್ಸಿ ಅಂತೀನಿ," ಎಂದಳು ಅವಳು. "ಅದು ನನ್ನ ಹಕ್ಕು."

ಮರುದಿನ ಅವಳಿಗಿಂತ ಮೊದಲೇ, ಬೆಳಿಗ್ಗೆ ಆರಕ್ಕೆ ಅವನು ಮೇಡಂ ಅವರ ಬಾಗಿಲಲ್ಲಿದ್ದ. ಅವರು ಕೋಟು ಬಿಚ್ಚುವ ಮೊದಲೇ ಶುರುಮಾಡಿದ.

"ಮೇಡಂ, ನಾನು ಅವತ್ತು ಹೇಳಿದ್ದು ತಪ್ಪು. ಅವಳು ಎಲ್ಲಿಗೂ ಹೋಗಲ್ಲ. ಆ ಹಾಳೆ ಹರಿದ್ಬಿಡಿ. ನಿಮ್ಮ ಕಾಲು ಹಿಡೀತೀನಿ."

"ಅಯ್ಯೋ, ಏನಪ್ಪಾ ನೀನು!" ಎಂದು ಮೇಡಂ ಕುರ್ಚಿಗೆ ಕುಸಿದರು. "ನಾನು ಅವಳ ಪರವಾಗೇ ಬರೆದಿದ್ದೆ. ಹೆಡ್ಡಾಫೀಸಿನೋರು ಒಂದೇ ಮಾತಂದ್ರು, ಗಂಡನೇ ಹೋಗ್ತಾಳೆ ಅಂದ್ಮೇಲೆ ನೀವ್ಯಾವ ಲೆಕ್ಕ ಅಂತ. ಈಗ ಬಂದು ಉಲ್ಟಾ ಹೇಳಿದ್ರೆ ನಂಬ್ತಾರಾ? ಮನೇಲಿ ಜಗಳ ಆಡಿದಾಳೆ, ಅದಕ್ಕೇ ಬಂದಿದಾನೆ ಅಂತಾರೆ."

"ಹಾಗಾದ್ರೆ ಅವಳಿಗೆ ತೋರಿಸ್ಬೇಡಿ."

"ಅವಳು ಕೇಳಿದ್ರೆ ತೋರಿಸ್ಲೇಬೇಕು ವೆಂಡೆಲ್."

ಅವನು ಹೊರಗೆ ಬಂದಾಗ ಲೋರ್ನಾ ಎದುರಿಗೇ ಬರುತ್ತಿದ್ದಳು. "ನೀನೂ ಬಂದ್ಯಾ ಕೇಳೋಕೆ? ಒಳ್ಳೇದಾಯ್ತು," ಎಂದು ಅವನ ತೋಳು ಒತ್ತಿ ಒಳಗೆ ಹೋದಳು. ವೆಂಡೆಲ್‌ ಬಾಗಿಲ ಹೊರಗೇ ನಿಂತ. ಗಾಜಿನ ಬಾಗಿಲಾಚೆ ಅವಳು ನಿಂತುಕೊಂಡೇ ಓದಿದಳು, ಮತ್ತೆ ಮೇಲಿಂದ ಓದಿದಳು, ಹಾಳೆಯನ್ನು ಮೇಡಂ ಕೈಗೆ ಕೊಟ್ಟಳು. ಹೊರಗೆ ಬಂದವಳು ಅವನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹಾಜರಿ ಗಡಿಯಾರದಲ್ಲಿ ತನ್ನ ಚೀಟಿ ಒತ್ತಿ ಕೆಲಸಕ್ಕೆ ಹೋದಳು.

ಆಮೇಲಿನ ಆರು ವಾರ ಅವಳು ಮೂರನೇ ಲೈನಿನಲ್ಲೇ ನಿಂತಳು. ಬೂದು ಅಂಗಿ ತೊಟ್ಟು, ಅವನು ಬಯಸಿದಂತೆಯೇ, ಅವನ ಪಕ್ಕದಲ್ಲೇ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಯಲ್ಲಿ ಊಟ ಬಡಿಸುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಉಪ್ಪು ಕೊಡು ಎಂದರೆ ಕೊಡುತ್ತಿದ್ದಳು. ವೆಂಡೆಲ್ ನಾಲ್ಕಾರು ಸಲ ಕ್ಷಮಿಸು ಎಂದ, ಒಮ್ಮೆ ಅತ್ತೂಬಿಟ್ಟ. "ಗೊತ್ತು," ಎನ್ನುತ್ತಿದ್ದಳು, ಅಷ್ಟೇ.

ಮೇ ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಶುಲ್ಕ ನಿಲ್ಲಿಸಿದ್ದು ಕಂಪನಿಯೇ ಆದ್ದರಿಂದ ಎರಡು ವರ್ಷದ ಕಟ್ಟುಪಾಡೂ ಬಿದ್ದುಹೋಗಿತ್ತು. ಕೊಲಂಬಸ್‌ನ ಇನ್ನೊಂದು ಕಾರ್ಖಾನೆ ಅವಳನ್ನು ಕರೆದು, ಉಳಿದ ಓದು ನಾವು ಓದಿಸುತ್ತೇವೆ ಎಂದಿತ್ತು. ಇತ್ತ ಪೆಟ್ಟಿಗೆ ಕಾರ್ಖಾನೆಯಲ್ಲಿ ಹೆಡ್ಡಾಫೀಸಿನವರ ಪಟ್ಟಿಗೆ ಇನ್ನೊಂದು ಹೆಸರು ಸೇರಿತು. ಬಿಟ್ಟುಹೋದವರು ಆರು ಜನ, ನೋಡಿದಿರಾ, ನಾವು ಹೇಳಲಿಲ್ಲವೇ ಎಂದು ಅವರು ಬೀಗಿದರು. ಓದಿಸುವುದನ್ನೇ ಪೂರ್ತಿ ಮುಚ್ಚಿದರು. ಆ ವಾರವೇ ಮೂರನೇ ಲೈನು ಕೆಟ್ಟಿತು. ರಿಪೇರಿ ವಿಭಾಗದಲ್ಲಿ ಉಳಿದವರ ಕೈಲಾಗದೆ, ಹೊರಗಿನವರು ಬರುವಷ್ಟರಲ್ಲಿ ಎರಡು ದಿನವಾಯಿತು. ಡ್ವೇನ್ ಕೂಡ ತಮಾಷೆ ಮಾಡಲಿಲ್ಲ.

ಅವಳು ಹೊರಟ ಶನಿವಾರ ವೆಂಡೆಲ್ ಪೆಟ್ಟಿಗೆಗಳನ್ನು ಕಾರಿಗೆ ತುಂಬಿದ. ಬೇಡ ಎಂದರೂ ಕೇಳದೆ ಪುಸ್ತಕಗಳ ಪೆಟ್ಟಿಗೆಯನ್ನು ತಾನೇ ಹೊತ್ತ.

"ಡೆಸ್ಮಂಡ್ ಕೊಡ್ಸಿದ ಕೆಲಸಾನಾ?" ಎಂದ. ಇನ್ನೂ ಬುದ್ಧಿ ಬಂದಿರಲಿಲ್ಲ ಅವನಿಗೆ.

ಲೋರ್ನಾ ಡಿಕ್ಕಿಯ ಬಾಗಿಲು ಮುಚ್ಚಿದಳು. "ಡೆಸ್ಮಂಡ್ ಅವನ ಡೈರೀಲೇ ಇದಾನೆ ವೆಂಡೆಲ್. ಕೊಲಂಬಸ್ ಅನ್ನೋದು ನನ್ನ ತಲೇಲೇ ಇರ್ಲಿಲ್ಲ. ಆ ಹಾಳೇಲಿ ನಿನ್ನ ಮಾತು ಓದಿದ್ಮೇಲೆ ಹುಡುಕಿದ್ದು. ನಿಜವಾಗ್ಲೂ ಅಲ್ಲಿ ಬೇಕಾದಷ್ಟು ಕೆಲಸ ಇದೆ."

ವೆಂಡೆಲ್ ಕಾರಿನ ಬಾಗಿಲು ಹಿಡಿದುಕೊಂಡು ನಿಂತ. "ನಾನೂ ಬರ್ತೀನಿ ಲೋರ್ನಾ. ಈ ಕೆಲಸ ಬಿಡ್ತೀನಿ. ಅಲ್ಲೇ ಏನಾದ್ರೂ ನೋಡ್ಕೊತೀನಿ. ಅದೇ ಕಾರ್ಖಾನೇಲಿ, ನಿನ್ನ ಕೈಕೆಳಗೆ ಆದ್ರೂ ಸರಿ."

ಅವಳ ಕಣ್ಣು ತುಂಬಿತ್ತು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಬಾಗಿಲಿನಿಂದ ಬಿಡಿಸಿದಳು.

"ಬೇಡಪ್ಪ," ಎಂದಳು. "ಅಲ್ಲೂ ಯಾರಾದ್ರೂ ನಿನ್ನನ್ನ ನನ್ನ ಬಗ್ಗೆ ಕೇಳ್ತಾರೆ."