ಸೆಳೆತಕ್ಕೆ ಅಡ್ಡವಾಗಿ

ಫರಂಗಿಪೇಟೆಯ ಹತ್ತಿರ ನೇತ್ರಾವತಿಯಲ್ಲಿ ಕುಡಿಯುವ ನೀರಿನ ಪಂಪಿನ ಬಾಯಿಗೆ ಹರಿದ ಬಲೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಕತ್ತರಿಸಲು ಮುಳುಗಿದವರು ಇಬ್ಬರು. ಒಬ್ಬರು ಗಲ್ಫಿನಲ್ಲಿ ಬಹಳ ವರ್ಷ ಡೈವರ್ ಆಗಿದ್ದ ಅಬ್ದುಲ್ ನಾಸಿರ್. ಇನ್ನೊಬ್ಬಳು ಅವರಿಂದ ಹೊಸದಾಗಿ ಡೈವಿಂಗ್ ಕಲಿತ ಸುರಕ್ಷಾ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಈಜು ಕಲಿಸುವವಳು.

ಬಲೆ ಬಿಡಿಸಿ ಮೇಲೆ ಬಂದಾಗ ದೋಣಿ ತುಂಬಾ ಹಿಂದೆ ಉಳಿದಿತ್ತು. ಘಟ್ಟದಲ್ಲಿ ಮಳೆ ಬಿದ್ದಿರಬೇಕು, ನದಿಯ ಸೆಳೆತ ಒಮ್ಮೆಲೇ ಜೋರಾಗಿತ್ತು. ದೋಣಿ ನಡೆಸುವ ಶೇಖರ ಎಂಜಿನಿನ ಹಗ್ಗ ಎಳೆಯುತ್ತಲೇ ಇದ್ದ. ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಕೆಳಗಡೆ ಕಿಂಡಿ ಅಣೆಕಟ್ಟಿನ ಬಾಗಿಲುಗಳು ತೆರೆದಿದ್ದವು. ನೀರು ಧುಮುಕುವ ಸದ್ದು ಇಲ್ಲಿಗೇ ಕೇಳುತ್ತಿತ್ತು.

ಸುರಕ್ಷಾ ತೇಲಿಸುವ ಡೈವಿಂಗ್ ಜಾಕೆಟಿಗೆ ಸಾಧ್ಯವಾದಷ್ಟು ಗಾಳಿ ತುಂಬಿಸಿ, ಕೈ ಬೀಸುತ್ತ ದಡದ ಕಡೆ ಈಜತೊಡಗಿದಳು. ಕೊಳದಲ್ಲಿ ಅವಳನ್ನು ಮೀರಿಸುವವರು ಕಡಿಮೆ. ಇಲ್ಲಿ ಉಬ್ಬಿದ ಜಾಕೆಟು ಎದೆಯನ್ನು ಒತ್ತಿ ಅವಳನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಎಷ್ಟು ಕೈ ಬಡಿದರೂ ದಡ ಹತ್ತಿರವಾಗಲಿಲ್ಲ. ಉಸಿರು ಸಾಲದೆ ಅವಳು ಮಾಸ್ಕಿಗೆ ಕೈ ಹಾಕಿದಳು.

"ಮಾಸ್ಕ್ ತೆಗೀಬೇಡ," ನಾಸಿರ್ ಅವಳ ಪಕ್ಕಕ್ಕೆ ಬಂದರು. "ಕೈ ಬಡಿಯುವುದು ನಿಲ್ಲಿಸು. ಜಾಕೆಟಿನ ಗಾಳಿ ಸ್ವಲ್ಪ ಬಿಡು."

"ಮುಳುಗ್ತೇನೆ ನಾಸಿರಣ್ಣ."

"ಮುಳುಗುವುದಿಲ್ಲ. ಎದೆ ಸಡಿಲ ಆಗುವಷ್ಟು ಮಾತ್ರ ಬಿಡು."

ಅವಳು ಗಾಳಿ ಬಿಡುವ ಗುಂಡಿ ಒತ್ತಿದಳು. ಎದೆಯ ಬಿಗಿತ ಇಳಿದು ಉಸಿರು ಒಳಗೆ ಹೋಯಿತು.

"ಈಗ ಅಂಗಾತ ಮಲಗು. ಕೈ ಎದೆಯ ಮೇಲೆ ಕಟ್ಟು. ಸೊಂಟದಿಂದ ಕಾಲು ಆಡಿಸು, ನಿಧಾನ. ಸೆಳೆತಕ್ಕೆ ಎದುರು ಹೋಗುವುದು ಬೇಡ, ಅಡ್ಡ ಹೋಗುವ."

ಅಂಗಾತ ಮಲಗಿದಾಗ ಸಿಲಿಂಡರಿನ ಭಾರ ಬೆನ್ನಡಿಗೆ ಹೋಗಿ ಕಾಲು ತಾನಾಗಿ ಮೇಲೆದ್ದಿತು. ಕಾಲಿಗೆ ಕಟ್ಟಿದ ರೆಕ್ಕೆಗಳು ನೀರನ್ನು ಹಿಡಿದವು. ಅವಳು ಆಗಾಗ ತಲೆ ತಿರುಗಿಸಿ ದಡ ನೋಡಿಕೊಂಡಳು. ಹತ್ತಿರವಾಗುತ್ತಿತ್ತು. ಅಣೆಕಟ್ಟೂ ಹತ್ತಿರವಾಗುತ್ತಿತ್ತು.

ಆಗ ನಾಸಿರ್ ಹಿಂದೆ ಬಿದ್ದರು. ಅವರ ಮುಖ ಕಿವುಚಿಕೊಂಡಿತ್ತು.

"ಮೀನಖಂಡ ಹಿಡಿದುಕೊಂಡಿತು. ನೀನು ಹೋಗು."

ಸುರಕ್ಷಾ ಹೋಗಲಿಲ್ಲ. ಕೈ ಚಾಚಿ ಅವರ ಸಿಲಿಂಡರಿನ ಕುತ್ತಿಗೆ ಹಿಡಿದಳು. "ನೀವೂ ಮಲಗಿ," ಅಂದಳು. ನಾಸಿರ್ ಅವಳು ಹೇಳಿದ ಹಾಗೆಯೇ ಮಾಡಿದರು. ಅವಳು ಅದೇ ನಿಧಾನದಲ್ಲಿ ಕಾಲು ಆಡಿಸಿದಳು. ತೊಡೆ ಉರಿಯತೊಡಗಿತು. ಜೋರಾಗಿ ಒದೆಯಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಒದ್ದರೆ ಮತ್ತೆ ಉಸಿರು ಕಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ನೀರಿನ ಸದ್ದಿನಲ್ಲಿ ನಾಸಿರ್ ಏನೋ ಹೇಳಿದ್ದು ಕೇಳಿಸಲಿಲ್ಲ.

ಬೆನ್ನ ಹಿಂದೆ ಸಿಲಿಂಡರು ಮರಳಿಗೆ ಉಜ್ಜಿತು. ಅವಳು ಆದರೂ ಕಾಲು ಆಡಿಸುತ್ತಲೇ ಇದ್ದಳು.

"ಸಾಕು, ದಡ ಬಂತು," ನಾಸಿರ್ ಅಂದರು.

ಅಣೆಕಟ್ಟಿನ ಕಂಬಗಳ ಮೇಲಿನ ಪಾಚಿ ಕಾಣುವಷ್ಟು ಕೆಳಗೆ ಬಂದಿದ್ದರು. ಹುಟ್ಟು ಹಾಕಿಕೊಂಡೇ ದಡ ಸೇರಿದ ಶೇಖರ ಪೊದೆ ನುಗ್ಗಿ ಓಡಿ ಬಂದ. ಇಬ್ಬರನ್ನೂ ನೋಡಿ ಅಲ್ಲೇ ಕುಸಿದು ಕುಳಿತ.

"ಯಾರು ಯಾರನ್ನು ಎಳೆದುಕೊಂಡು ಬಂದದ್ದು ಮಾರಾಯ್ರೆ?"

"ಇವಳು ನನ್ನನ್ನು," ನಾಸಿರ್ ಕಾಲು ತಿಕ್ಕಿಕೊಳ್ಳುತ್ತ ಅಂದರು.

ಸುರಕ್ಷಾ ಜಾಕೆಟಿನ ಬಕಲಿಗೆ ಕೈ ಹಾಕಿದಳು. ಅವಳಿಗೆ ಅದನ್ನು ಬಿಚ್ಚಲಾಗಲಿಲ್ಲ, ಶೇಖರನೇ ಬಿಚ್ಚಿಕೊಟ್ಟ.