ಬಾಗಿಲಿನ ಒಳಮೈ

ಟಣ್ ಎನ್ನಬೇಕಾದ ಕಡೆ ಬೊದ್ ಎನ್ನುತ್ತಿದೆ, ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದರೆ ಸಾಕು ನನಗೆ, ಲಾರಿ ಬಾಗಿಲಿನ ತುಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದುಬಿಡುತ್ತೇನೆ, ಇಪ್ಪತ್ತಾರು ವರ್ಷದಲ್ಲಿ ಆ ಗೆರೆ ಒಂದು ಬೆರಳೂ ಆಚೀಚೆ ಆಗಿಲ್ಲ — ಪುಟ್ಟಿ ಮೆತ್ತಿ ಬಣ್ಣ ಹೊಡೆದ್ರೆ ಸಾಕಲ್ವಾ ಅಕ್ಕಾ, ಅನ್ನುತ್ತಾನೆ ಈ ಹಾಲಿನ ಲಾರಿಯ ಡ್ರೈವರ್, ಸಾಕಂತೆ, ಹುಣ್ಣಿನ ಮೇಲೆ ಪೌಡರ್ ಬಳಿದುಕೊಂಡು ಮದುವೆಗೆ ಹೋಗುವ ಆಸಾಮಿ, ಸುಮ್ನೆ ನಿಂತ್ಕೊಳಪ್ಪಾ, ಇದು ಒಳಗಿನ ತುಕ್ಕು, ಗಟ್ಟಿ ತಗಡು ಸಿಗೋವರೆಗೂ ಕತ್ತರಿಸ್ಬೇಕು, ಹೊಸ ತುಂಡು ಬೆಸೆದು ಒಳಗೆಲ್ಲ ಮೇಣ ಕಲಸಿದ ಎಣ್ಣೆ ಹೊಡೀಬೇಕು, ಆಗ ಬಾಳುತ್ತೆ. ಎಣ್ಣೆ ಹೊಡೆಯುವುದು ನನ್ನಕ್ಕನ ಕೆಲಸವಾಗಿತ್ತು, ಬೆಸುಗೆ ನನ್ನದು, ಎಣ್ಣೆ ಅವಳದು, ಶೆಡ್ಡು ಬಿಟ್ಟುಕೊಡುವಾಗ ಅಪ್ಪ ಹಾಗೆ ಹಂಚಿದ್ದ, ಇದೇ ಲಾರಿಯ ಇದೇ ಬಾಗಿಲು ನಾವಿಬ್ಬರೂ ರಿಪೇರಿ ಮಾಡಿದ ಎರಡೇ ವರ್ಷಕ್ಕೆ ಉಬ್ಬಿಕೊಂಡು ಬಂದಾಗ ಬೀದಿಗೆಲ್ಲ ಕೇಳುವಂತೆ ಹೇಳಿದೆ, ಎಣ್ಣೆ ಹೊಡೆದೇ ಇಲ್ಲ ಇವಳು, ಮೈಗಳ್ಳಿ — ಹೊಡೆದಿದೀನಿ ಕಣೇ, ಅಂದಳು, ಒಂದೇ ಸಲ, ಕೈ ಒರೆಸಿಕೊಂಡು ಹೋದವಳು ಏಳು ವರ್ಷ ಈ ಕಡೆ ತಲೆ ಹಾಕಿಲ್ಲ. ಅವತ್ತು ಬಾಗಿಲು ಕತ್ತರಿಸಿ ನೋಡಲಿಲ್ಲ, ನೋಡುವುದೇನಿತ್ತು, ನನಗೆ ಗೊತ್ತಿತ್ತಲ್ಲ, ಪುಟ್ಟಿ ಮೆತ್ತಿ ಕಳಿಸಿದೆ, ಹೌದು, ನಾನೇ. ಇವತ್ತು ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ, ಅದೇ ಬಾಗಿಲು ಬಂದಿದೆ, ಕತ್ತರಿಸ್ತೀನಿ, ಬಂದು ನಿನ್ನ ಕಣ್ಣಲ್ಲೇ ನೋಡು — ಬರ್ತೀನಿ, ಅಂದಳು, ಧ್ವನಿ ಸ್ವಲ್ಪ ಒಡೆದಿದೆ ಅವಳದು. ಬರಲಿ, ತೋರಿಸಿಯೇ ಬಿಡುತ್ತೇನೆ.

ತಗಡು ಕತ್ತರಿಸುವ ಗ್ರೈಂಡರ್ ನಿಂತಿತು, ತಗಡು ಬಿಸಿಬಿಸಿ ಸುರುಳಿ ಬಿಚ್ಚಿಕೊಂಡಿತು, ಗೆರೆ ನೋಡು, ಕೂದಲೆಳೆಯಷ್ಟೂ ತಪ್ಪಿಲ್ಲ, ಟಾರ್ಚ್ ಹಾಕಿದೆ — ಎಣ್ಣೆ. ಮಡಿಕೆ ಮಡಿಕೆಯಲ್ಲೂ ಎಣ್ಣೆ, ದಪ್ಪಗೆ, ಜೇನಿನ ಬಣ್ಣಕ್ಕೆ, ಕೈ ಹೋಗದ ಮೇಲಿನ ಮೂಲೆಯಲ್ಲೂ, ಹೇಗೆ ಹೊಡೆದಳೋ ಮಹಾರಾಯ್ತಿ. ಹಾಗಾದರೆ ತುಕ್ಕು ಎಲ್ಲಿಂದ, ಕೆಳಗೆ, ತಳದಲ್ಲಿ ಕೆಂಪು ರಾಡಿ, ನೀರು ನಿಂತಿದೆ, ನಿಲ್ಲಬಾರದಲ್ಲ, ಇಳಿದುಹೋಗಲು ಮೂರು ತೂತು ಇರಬೇಕು, ಇವೆ, ಮುಚ್ಚಿವೆ. ಸೀಲೆಂಟ್, ಒಣಗಿದರೆ ರಬ್ಬರಿನಂತಾಗುವ ಅಂಟು, ತುಂಬಿ ಮುಚ್ಚಿದ್ದಾರೆ, ರಸ್ತೆಯ ಕೆಸರು ಒಳಗೆ ಸಿಡಿಯಬಾರದು, ಕೆಲಸ ಅಂದರೆ ಶುದ್ಧವಾಗಿರಬೇಕು ಎಂದು ಮುಚ್ಚಿದ್ದಾರೆ, ಯಾರು ಮುಚ್ಚಿದ್ದಾರೆ, ನಾನು, ಬೆಸುಗೆ ಮುಗಿಸಿ ಬಾಗಿಲು ಅಡ್ಡ ಹಾಕಿ ಒಳಗೆ ಕೈ ತೂರಿಸಿ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿದ್ದೆ, ಒಂಬತ್ತು ವರ್ಷ ಮಳೆಯೆಲ್ಲ, ಲಾರಿ ತೊಳೆದ ನೀರೆಲ್ಲ ನನ್ನ ಶುದ್ಧದ ಮೇಲೆ ನಿಂತುಕೊಂಡಿತ್ತು. ಏನ್ ಕಾಣ್ತಿದೆ ಅಕ್ಕಾ, ಅನ್ನುತ್ತಾನೆ ಡ್ರೈವರ್. ಏನೂ ಇಲ್ಲಪ್ಪ. ಸ್ಕ್ರೂಡ್ರೈವರ್ ಕೈಯಲ್ಲೇ ಇದೆ, ಒಂದು ಸಲ ಕೆರೆದರೆ ಸೀಲೆಂಟೂ ರಾಡಿಯ ಜೊತೆ ಉದುರಿಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ, ನನ್ನ ಮಾತಿಗೆ ಈ ಬೀದಿಯಲ್ಲಿ ಎರಡು ಮಾತಿಲ್ಲ — ಗೇಟಿನ ಹತ್ತಿರ ಸ್ಕೂಟರ್ ನಿಂತಿತು, ಅವಳೇ, ನಡಿಗೆ ಸ್ವಲ್ಪ ಕುಂಟು, ಎಲ್ಲಿ ಜರುಗು, ನೋಡೋಣ, ಅನ್ನುತ್ತಾಳೆ, ಸ್ಕ್ರೂಡ್ರೈವರ್ ಕೆಳಗಿಟ್ಟೆ, ಟಾರ್ಚ್ ಅವಳ ಕೈಗೇ ಕೊಟ್ಟೆ, ಮೊದಲು ಎಣ್ಣೆ ನೋಡಲಿ, ನೋಡುತ್ತಿಲ್ಲ, ಎಣ್ಣೆ ಇದೆಯೆಂದು ಅವಳಿಗೆ ಗೊತ್ತು, ಬೆಳಕು ನೇರ ಕೆಳಕ್ಕೆ ಇಳಿಯುತ್ತದೆ, ನಡುವಿನ ತೂತಿನ ಮೇಲೆ ನಿಲ್ಲುತ್ತದೆ, ಸೀಲೆಂಟಿನಲ್ಲಿ ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ, ನನ್ನ ಹೆಬ್ಬೆರಳು, ಬೆಳಕು ಅಲ್ಲಾಡುತ್ತಿಲ್ಲ, ನನ್ನ ಹೆಬ್ಬೆರಳು.