ಮೈನಾ ಕಲಿಸಿದ ಉಸಿರು

ಭಾನುವಾರ ಅಮಾವಾಸ್ಯೆ. ಅವತ್ತು ಬೆಳಿಗ್ಗೆ ಏಳೂವರೆ ಬಸ್ಸಿಗೆ ಚೆನ್ನಿಯನ್ನು ಕುಣಿಗಲ್ ಮೇಲೆ ಹುಲಿಯೂರುದುರ್ಗದ ಕಡೆಗೆ ಕರೆದುಕೊಂಡು ಹೋಗಿ, ಅಲ್ಲೊಬ್ಬನ ಕೈಯಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಎಂದು ಅವಳ ಅಜ್ಜಿ ದೊಡ್ಡಗಂಗಮ್ಮ ತೀರ್ಮಾನ ಮಾಡಿಬಿಟ್ಟಿದ್ದರು. ಮಗುವಿಗೆ ಫಿಟ್ಸ್ ಬರುತ್ತದೆ, ಬರೆ ಹಾಕಿದರೆ ನಿಲ್ಲುತ್ತದೆ, ಅಷ್ಟೇ. ಸುದ್ದಿ ಜಟಕಾ ಹಬೀಬ್ ಸಾಬರ ಕಿವಿಗೆ ಬಿದ್ದದ್ದು ಅದಕ್ಕೆ ಆರು ದಿನ ಮೊದಲು, ಸೋಮವಾರ. ಚೆನ್ನಿಗೆ ಆಗ ಏಳು ವರ್ಷ.

ಸಾಬರಿಗೆ ಮೈಯೆಲ್ಲ ಉರಿದುಹೋಯಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಮನುಷ್ಯ. ಎಂಬತ್ತೊಂದನೇ ಇಸವಿ ಅದು, ತುಮಕೂರಿನಲ್ಲಿ ಆಟೋಗಳು ಜಟಕಾದವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದ ಕಾಲ. ಆಟೋದವರನ್ನು ಬೈಯುತ್ತಿದ್ದರು, ಲಾರಿಯವರನ್ನು ಬೈಯುತ್ತಿದ್ದರು, ತಮ್ಮ ಬಿಳಿ ಜುಬ್ಬಾದ ಮೇಲೆ ಯಾರಾದರೂ ಎಲೆಅಡಿಕೆಯ ಒಂದು ಹನಿ ಸಿಡಿಸಿದರಂತೂ ಅವನ ಏಳು ತಲೆಮಾರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಆದರೆ ಕುಣಿಗಲ್‌ನಿಂದ ತಂದ ತಮ್ಮ ಕುದುರೆ ಮೈನಾಳ ಮೇಲೆ ಮಾತ್ರ ಒಂದು ದಿನವೂ ಚಾವಟಿ ಎತ್ತಿದವರಲ್ಲ. ಚಾವಟಿ ಗಾಡಿಯಲ್ಲಿ ಸುಮ್ಮನೆ ಅಲಂಕಾರಕ್ಕೆ ಇತ್ತು.

ಚೆನ್ನಿಯೂ ಸೇರಿ ಬಟವಾಡಿಯ ಎಂಟು ಮಕ್ಕಳನ್ನು ಗಾಡಿಯಲ್ಲಿ ತುಂಬಿಕೊಂಡು, ರೈಲ್ವೆ ಗೇಟು ದಾಟಿ, ಶಾಲೆಗೆ ಬಿಡುವುದು ಅವರ ದಿನದ ಮೊದಲ ಕೆಲಸ. ಗೇಟು ಹಾಕಿದರೆ ಮುಗಿಯಿತು. ಮುಂದೊಂದು ಬಸ್ಸು, ಹಿಂದೊಂದು ಲಾರಿ, ಪಕ್ಕದಲ್ಲಿ ಎತ್ತಿನಗಾಡಿ, ಎಲ್ಲರೂ ಹಾರನ್ ಒತ್ತುವವರೇ. ಚೆನ್ನಿಗೆ ಅದು ಬರುತ್ತಿದ್ದದ್ದು ಹೆಚ್ಚಾಗಿ ಅಲ್ಲಿಯೇ. ಮೊದಲು ಮಾತು ನಿಲ್ಲುತ್ತಿತ್ತು. ಆಮೇಲೆ ಉಸಿರು ಗಿಡ್ಡ ಗಿಡ್ಡವಾಗಿ ಮೇಲಕ್ಕೆ ಹತ್ತುತ್ತಿತ್ತು. ಮುಖ ಬಿಳಿಚಿಕೊಂಡು, ಹಣೆ ಬೆವೆತು, ಬೆರಳು ಸೆಟೆದು ನಡುಗುತ್ತಿದ್ದವು. ಉಳಿದ ಮಕ್ಕಳು "ಫಿಟ್ಸ್ ಬಂತು, ಫಿಟ್ಸ್ ಬಂತು" ಎಂದು ಕೂಗಿದ್ದೇ ತಡ, ರಸ್ತೆಯವರೆಲ್ಲ ಡಾಕ್ಟರುಗಳಾಗುತ್ತಿದ್ದರು. ಒಬ್ಬ ಬೀಗದ ಕೈ ಗೊಂಚಲನ್ನು ಅವಳ ಅಂಗೈಗೆ ತುರುಕುವನು, ಇನ್ನೊಬ್ಬ ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿಯುವನು. ಹತ್ತು ನಿಮಿಷದಲ್ಲಿ ಅದು ತಾನಾಗಿಯೇ ಇಳಿಯುತ್ತಿತ್ತು. ಚಪ್ಪಲಿಯವನು ತನ್ನ ಚಪ್ಪಲಿಯ ಮಹಿಮೆ ಎಂದು ಎದೆ ಉಬ್ಬಿಸಿಕೊಂಡು ಹೋಗುತ್ತಿದ್ದ.

ಸೋಮವಾರ ಸಂಜೆ ಸಾಬರು ಚೆನ್ನಿಯ ಮನೆ ಬಾಗಿಲಲ್ಲೇ ಜಗಳಕ್ಕೆ ನಿಂತರು. ಚೆನ್ನಿಯ ಅಪ್ಪ ಕಾಳಯ್ಯ ಲಾರಿ ಹತ್ತಿ ಬೊಂಬಾಯಿ ಕಡೆ ಹೋಗಿದ್ದ. ತಾಯಿ ರಂಗಲಕ್ಷ್ಮಮ್ಮ ಅತ್ತೆಯ ಎದುರು ಬಾಯಿ ಬಿಡುವವಳಲ್ಲ. ದೊಡ್ಡಗಂಗಮ್ಮನವರು ಎಲೆಅಡಿಕೆ ಜಗಿಯುತ್ತ, ಸೆರಗು ಸರಿಸಿ ಬಲ ಮುಂಗೈಯನ್ನು ಮುಂದೆ ಚಾಚಿದರು. ಅಲ್ಲಿ ಎರಡು ಹಳೆಯ ಗೆರೆಗಳಿದ್ದವು.

"ನೋಡಿ ಸಾಬ್ರೆ. ನಂಗೂ ಎಂಟು ವರ್ಸುಕ್ಕೆ ಹಿಂಗೇ ಬರ್ತಿತ್ತು. ಬರೆ ಹಾಕ್ಸುದ್ರು. ಅವತ್ತಿಗೆ ನಿಂತೋಯ್ತು. ನಾನೇನ್ ಸತ್ತೋದ್ನಾ?"

ಕಣ್ಣೆದುರಿನ ಸಾಕ್ಷಿ. ಸಾಬರು ಗೊಣಗುತ್ತ ವಾಪಸು ಬಂದರು.

ಮಂಗಳವಾರ ಗೇಟು ಹಾಕಿತ್ತು. ಚೆನ್ನಿಯ ಮಾತು ನಿಂತದ್ದನ್ನು ಕಂಡ ಕೂಡಲೇ ಸಾಬರು ತಮಗೆ ಗೊತ್ತಿದ್ದ ಉಪಾಯ ಮಾಡಿದರು. ಮೈನಾ ಲಾರಿ ನೋಡಿ ಬೆದರಿದರೆ ಏನು ಮಾಡುತ್ತಿದ್ದರು? ಕಣ್ಣುಪಟ್ಟಿ ಕಟ್ಟುತ್ತಿದ್ದರು. ಹೆಗಲ ಟವೆಲ್ಲು ತೆಗೆದು ಮಗುವಿನ ಕಣ್ಣಿಗೆ ಸುತ್ತಿಯೇಬಿಟ್ಟರು. ಎಂಥ ಬುದ್ಧಿ ನೋಡಿ. ಮಗು ಕಿಟಾರನೆ ಕಿರುಚಿ, ಅವರ ಕೈ ಪರಚಿ, ಟವೆಲ್ಲು ಕಿತ್ತೆಸೆದು ಗಾಡಿಯಿಂದ ಧುಮುಕಿಯೇ ಬಿಟ್ಟಿತು. ಎತ್ತಿನಗಾಡಿಯ ಚಕ್ರಕ್ಕೂ ಅವಳಿಗೂ ಗೇಣಷ್ಟು ದೂರ. ಸಾಬರು ಹಲಗೆಯಿಂದ ಹಾರಿಳಿದರು. ಓಡಿಹೋಗಿ ನೋಡಿದರೆ ಚೆನ್ನಿ ರಸ್ತೆ ಬದಿಯ ಹೊಂಗೆ ಮರಕ್ಕೆ ಅಂಟಿಕೊಂಡು ಏದುಸಿರು ಬಿಡುತ್ತಿದ್ದಳು.

ಹತ್ತಿರ ಹೋಗಲು ಅವರಿಗೆ ಧೈರ್ಯವಾಗಲಿಲ್ಲ, ಮುಟ್ಟಲಂತೂ ಇಲ್ಲವೇ ಇಲ್ಲ. ಎರಡು ಮಾರು ದೂರದಲ್ಲಿ, ಅವಳ ಮಗ್ಗುಲಿಗೆ, ಮಣ್ಣಿನಲ್ಲೇ ಕೂತುಬಿಟ್ಟರು. ತನ್ನಷ್ಟಕ್ಕೆ ತಾನು ಹಿಂದೆ ಬಂದ ಮೈನಾ ಅಲ್ಲಿ ನಿಂತು ತುಟಿ ಅದುರಿಸಿ ಉದ್ದಕ್ಕೆ ಉಸಿರು ಬಿಟ್ಟಿತು. ಫುರ್‌ರ್‌ರ್.

ಚೆನ್ನಿ ತಿರುಗಿ ನೋಡಿದಳು. ಏದುತ್ತಲೇ, ತುಂಡು ತುಂಡಾಗಿ ಕೇಳಿದಳು. "ಮೈನಾಗೂ... ಆಗುತ್ತಾ... ಸಾಬ್ ತಾತ?"

ಸಾಬರು ನೆಟ್ಟಗೆ ಕೂತರು. ಅವರ ತಮ್ಮ ಮಕ್ಸೂದನಿಗೆ ಫಿಟ್ಸ್ ಇತ್ತು. ದೊಪ್ಪನೆ ಬೀಳುತ್ತಿದ್ದ, ಕಣ್ಣು ಮೇಲೆ ಸಿಕ್ಕುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿತ್ತು. ಎದ್ದ ಮೇಲೆ ಏನಾಯಿತೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಈ ಹುಡುಗಿ ಅದರ ನಟ್ಟನಡುವೆ ನಿಂತು ಕುದುರೆಯ ಕ್ಷೇಮ ಕೇಳುತ್ತಿದ್ದಾಳೆ.

"ನಿಂಗೆ ಕೇಳುಸ್ತಾ ಐತಾ ಬೇಟಿ, ನಾನ್ ಹೇಳೋದು?"

"ಎಲ್ಲ ಕೇಳುಸ್ತೈತೆ. ಚಪ್ಲಿ ವಾಸ್ನೆನೂ ಗೊತ್ತಾಗ್ತೈತೆ."

"ಏನಾಗುತ್ತೆ ಹೇಳು."

"ಎದೇಲಿ ಮಿಷಿನ್ ಓಡ್ದಂಗೆ. ಬೆಳ್ಳು ಜುಮ್ಮಂತವೆ. ಸತ್ತೇ ಹೋಯ್ತೀನಿ ಅನ್ಸುತ್ತೆ. ಎಲ್ರೂ ಮೇಲೆ ಬಿದ್ರೆ ಇನ್ನೂ ಜಾಸ್ತಿ ಆಯ್ತದೆ."

ಇಷ್ಟು ದಿನ ಈ ಮಗುವನ್ನು ಒಬ್ಬರೂ ಕೇಳಿರಲಿಲ್ಲ. ಮೂಗಿಗೆ ಚಪ್ಪಲಿ ಹಿಡಿಯಲು ನೂರು ಜನ, "ಏನಾಗುತ್ತೆ" ಎಂದು ಕೇಳಲು ಒಬ್ಬನಿಲ್ಲ. ತಾನೂ ಟವೆಲ್ಲು ಸುತ್ತಿದವನೇ ತಾನೆ ಎಂದು ಸಾಬರು ತಮ್ಮನ್ನೇ ಮನಸಾರೆ ಬೈದುಕೊಂಡರು. ಆದರೆ ಒಳಗೊಳಗೇ ಅವರಿಗೆ ಕುಣಿಯುವಷ್ಟು ಖುಷಿ. ಇದು ಫಿಟ್ಸ್ ಅಲ್ಲ. ಬೆದರು. ಬೆದರಿನ ವಿಷಯ ಹಬೀಬ್ ಸಾಬರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಬುಧವಾರ ರಂಗಲಕ್ಷ್ಮಮ್ಮ, ಅತ್ತೆ ನಿದ್ದೆ ಹೋದಾಗ, ಮಗುವನ್ನು ಬಟವಾಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸಾಬರೇ ಹಿಂದೆ ಬಿದ್ದು ಒಪ್ಪಿಸಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಎಲ್ಲವನ್ನೂ ಕೇಳಿ ಹೇಳಿದರು. "ಹಾರ್ಟು, ಶ್ವಾಸ ಎಲ್ಲ ಚೆನ್ನಾಗಿದೆ. ನೀವು ಹೇಳೋದು ನೋಡಿದರೆ ಇದು ಫಿಟ್ಸ್ ಅಲ್ಲಮ್ಮ. ವಿಪರೀತ ಗಾಬರಿ. ಬಂದಾಗ ಗುಂಪು ಸೇರಬೇಡಿ, ಗದರಬೇಡಿ, ಪಕ್ಕದಲ್ಲಿ ಕೂತು ಉಸಿರು ನಿಧಾನಕ್ಕೆ ಬಿಡಿಸಿ. ಕಮ್ಮಿ ಆಗದಿದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಡ್ತೀನಿ."

ಸಂಜೆ ಸುದ್ದಿ ತಿಳಿದ ದೊಡ್ಡಗಂಗಮ್ಮನವರು ಇದನ್ನು ಒಂದೇ ಮಾತಿನಲ್ಲಿ ಗುಡಿಸಿ ಹಾಕಿದರು. "ಅವ್ರು ನೋಡ್ದಾಗ ಮಗ ನೆಟ್ಟುಗೇ ಇತ್ತಲ್ಲ. ಬಂದಾಗ ನೋಡಿದ್ರೆ ತಾನೆ ಗೊತ್ತಾಗೋದು?"

ಬಂದಾಗ ನೋಡಬೇಕು. ಆ ಮಾತು ಸಾಬರ ತಲೆಯಲ್ಲಿ ಕೂತಿತು. ಅಜ್ಜಿಯೂ ಅದು ಬಂದಾಗ ನೋಡಿದವರಲ್ಲವಲ್ಲ. ಬಂದು ಹೇಳಿದವರ ಬಾಯಿಂದ ಕೇಳಿದ್ದಷ್ಟೇ.

ಗುರುವಾರದಿಂದ ಜಟಕಾದಲ್ಲಿ ಹೊಸ ಆಟ ಶುರುವಾಯಿತು. ಬೆದರಿದ ಕುದುರೆ ಸಮಾಧಾನವಾದಾಗ ಮಾಡುವುದೇನು? ತುಟಿ ಅದುರಿಸಿ ಉದ್ದ ಉಸಿರು ಬಿಡುವುದು. ಉಸಿರು ಹೊರಗೆ ಹೋದರೆ ತಾನೇ ಒಳಗೆ ಜಾಗ ಆಗುವುದು ಎಂದು ಸಾಬರ ವಾದ. ಎಂಟು ಮಕ್ಕಳೂ ಒಟ್ಟಿಗೆ ಫುರ್‌ರ್ ಎಂದರು. ಎಂಜಲು ಹಾರಿತು, ನಗು ಹಾರಿತು. ಬಸ್ಸಿನ ಕಂಡಕ್ಟರು ಫುಟ್‌ಬೋರ್ಡಿನಿಂದ ಬಗ್ಗಿ "ಏನ್ ಸಾಬ್ರೆ, ಕುದ್ರೆ ಮರಿ ಹಾಕ್ತಾ?" ಎಂದು ಕೇಳಿದ. ಚೆನ್ನಿ ಎಲ್ಲರಿಗಿಂತ ಉದ್ದ ಬಿಡುತ್ತಿದ್ದಳು. ಮೈನಾ ಕಿವಿ ನಿಮಿರಿಸಿಕೊಂಡು ಕೇಳುತ್ತಿತ್ತು.

ಶುಕ್ರವಾರ ಗೇಟಿನಲ್ಲಿ ಅದು ಬಂತು. ಸಾಬರು ಇಳಿದು ಅವಳ ಮಗ್ಗುಲಿಗೆ ನಿಂತರು. "ಬಂತು, ಅಲ್ವಾ? ಬರ್ಲಿ. ಬಂದಿದ್ದು ಹೋಗುತ್ತೆ. ನಾನ್ ಇಲ್ಲೇ ಇದೀನಿ." ಕಾಲನ್ನು ಗಾಡಿಯ ಹಲಗೆಗೆ ಒತ್ತಿ ಊರು ಎಂದರು. ಫುರ್‌ರ್ ಎಂದರು. ಗೇಟು ಏಳುವ ಮೊದಲೇ ಅದು ಹೋಗಿಬಿಟ್ಟಿತ್ತು. ಸಾಬರು ಅವತ್ತು ಯಾವ ಲಾರಿಯವನನ್ನೂ ಬೈಯಲಿಲ್ಲ, ಅಷ್ಟು ಸಂತೋಷ.

ಭಾನುವಾರ ಬೆಳಿಗ್ಗೆ ದೊಡ್ಡಗಂಗಮ್ಮನವರು ಬಸ್‌ಸ್ಟ್ಯಾಂಡಿಗೆ ಹೋಗಲು ಸಾಬರ ಜಟಕಾವನ್ನೇ ಹೇಳಿದ್ದರು. ಬೇರೆಯವನು ಗಾಡಿಯಲ್ಲಿ ಎಲೆಅಡಿಕೆ ಹಾಕಲು ಬಿಡುವುದಿಲ್ಲವಂತೆ. ಸಾಬರೂ ಬಿಡುವವರಲ್ಲ, ಈ ಅಜ್ಜಿಯೊಂದಿಗೆ ಮಾತ್ರ ಅವರ ಆಟ ನಡೆಯುತ್ತಿರಲಿಲ್ಲ. ಒಗೆದು ಇಸ್ತ್ರಿ ಹಾಕಿದ ಜುಬ್ಬಾ ತೊಟ್ಟು ಬಂದರು. ರಂಗಲಕ್ಷ್ಮಮ್ಮ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಚೆನ್ನಿ ಹೊಸ ಲಂಗ ಹಾಕಿಕೊಂಡು ಗಾಡಿ ಹತ್ತಿದಳು.

ದಾರಿ ಎರಡಾಗುವಲ್ಲಿ ಸಾಬರು ಲಗಾಮು ಎಳೆದರು. ಎಡಕ್ಕೆ ಹೋದರೆ ದೊಡ್ಡ ರಸ್ತೆ, ಗೇಟಿಲ್ಲ. ಬಲಕ್ಕೆ ಹೋದರೆ ಗೇಟು, ಗೂಡ್ಸ್ ರೈಲು ಬರುವ ಹೊತ್ತು. ಅಜ್ಜಿ ಕಣ್ಣಾರೆ ನೋಡಿದರೆ ಮಗು ಉಳಿದೀತು. ಅಲ್ಲಿ ಏನಾದರೂ ಎಡವಟ್ಟಾದರೆ ಅಜ್ಜಿಯ ಮಾತೇ ಗಟ್ಟಿ, ಆಮೇಲೆ ಬರೆಯನ್ನು ಯಾರೂ ತಪ್ಪಿಸಲಾರರು. ತಾವೊಬ್ಬರೇ ತೀರ್ಮಾನ ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ಒಂದು ಸಲ ಟವೆಲ್ಲು ಕಟ್ಟಿ ಕಲಿತಾಗಿತ್ತು.

"ಚೆನ್ನಿ, ಬಲಗಡೆ ಗೇಟು ಹಾಕ್ತಾರೆ. ಎಡಗಡೆ ಇಲ್ಲ. ನೀನ್ ಹೇಳ್ದಂಗೆ."

"ಮಗೂನ ಕೇಳ್ತೀರಲ್ರೀ ಸಾಬ್ರೆ, ನಡೀರಿ ಬಸ್ ಹೋಯ್ತದೆ" ಎಂದರು ಅಜ್ಜಿ.

ಚೆನ್ನಿ ಅಜ್ಜಿಯ ಮುಂಗೈಯ ಗೆರೆಗಳನ್ನು ನೋಡಿದಳು. ಸಾಬರನ್ನು ನೋಡಿದಳು. "ಬಲಗಡೆ" ಎಂದಳು.

ಗೇಟು ಅವರ ಮೂಗಿನೆದುರೇ ಇಳಿಯಿತು. ಹಿಂದೆ ಲಾರಿ ಬಂದು ನಿಂತಿತು, ಹಾರನ್ ಹೊಡೆಯಿತು. ಚೆನ್ನಿಗೆ ಅದು ಬಂದೇಬಿಟ್ಟಿತು. ಯಾವತ್ತಿಗಿಂತ ಜೋರಾಗಿ ಬಂತು. ಎಲ್ಲಿಗೆ ಕರೆದೊಯ್ಯುತ್ತಿದ್ದಾರೆಂದು ಮಗುವಿಗೆ ಗೊತ್ತಿಲ್ಲವೆ? ಉಸಿರು ಸೀಳಿಕೊಂಡು ಬರತೊಡಗಿತು, ಬೆರಳು ಸೆಟೆದವು, ಫುರ್‌ರ್ ಎನ್ನಲು ತುಟಿಯೇ ಕೂಡಲಿಲ್ಲ. "ಅಯ್ಯೋ ನನ್ ಕಂದ" ಎಂದು ಅಜ್ಜಿ ಸೊಂಟದಿಂದ ಬೀಗದ ಕೈ ಎಳೆದು ಅವಳ ಅಂಗೈಗೆ ತುರುಕಿದರು. ಲಾರಿಯ ಕ್ಲೀನರು ಆಗಲೇ ಚಪ್ಪಲಿ ಬಿಚ್ಚುತ್ತಿದ್ದ. ಹತ್ತು ತಲೆಗಳು ಗಾಡಿಯೊಳಕ್ಕೆ ಬಗ್ಗಿದವು.

ಸಾಬರ ಬಾಯಿಗೆ ಬೈಗುಳದ ಸರಮಾಲೆಯೇ ಬಂದಿತ್ತು. ನುಂಗಿಕೊಂಡರು. ಜೋರು ದನಿಗೆ ಮೈನಾ ಬೆದರುವಂತೆ ಇವಳೂ ಬೆದರುತ್ತಾಳೆ. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ಗುಂಪಿನ ಮುಂದೆ ಕೈಮುಗಿದು, ಪಿಸುಮಾತಿನಲ್ಲಿ "ಅಣ್ಣಂದಿರಾ, ಸ್ವಲ್ಪ ಗಾಳಿ ಬುಡಿ" ಎಂದರು. ಹಬೀಬ್ ಸಾಬರು ಕೈಮುಗಿದದ್ದನ್ನು ನೋಡಿಯೇ ಅರ್ಧ ಜನ ಹಿಂದೆ ಸರಿದರು.

ಅವರು ಹತ್ತಿ ಅವಳ ಮಗ್ಗುಲಲ್ಲಿ ಕೂತರು. "ಬಂದೈತೆ. ಹೋಗುತ್ತೆ. ಕಾಲ್ ಊರು. ಗೂಡ್ಸ್ ಬತ್ತಾ ಐತೆ, ಡಬ್ಬಿ ಎಣ್ಸಾಣ. ಒಂದು."

ಇಂಜಿನ್ನು ಹೋಯಿತು. ಒಂದು. ಎರಡು. ಐದನೆಯ ಡಬ್ಬಿಗೆ ಸಾಬರು ಫುರ್‌ರ್ ಎಂದರು. ಚೆನ್ನಿಯಿಂದ ಬರೀ ಗಾಳಿ ಬಂತು. ಒಂಬತ್ತಕ್ಕೆ ಮತ್ತೆ. ಮುಂದೆ ಮೈನಾ ತಾನಾಗಿಯೇ ತುಟಿ ಅದುರಿಸಿತು. ಹದಿನಾಲ್ಕಕ್ಕೆ ಚೆನ್ನಿಯ ತುಟಿಯೂ ಅದುರಿತು. ಸಣ್ಣಗೆ, ಆದರೂ ಫುರ್‌ರ್. ಸಾಬರಿಗೆ ಎದ್ದು ಕುಣಿಯಬೇಕೆನ್ನಿಸಿತು. ಕೂತೇ ಎಣಿಸಿದರು.

ಇಪ್ಪತ್ತೊಂದನೆಯ ಡಬ್ಬಿಗೆ ಚೆನ್ನಿ ಬೀಗದ ಕೈಗಳನ್ನು ಕೆಳಕ್ಕೆ ಹಾಕಿದಳು. ಏದುತ್ತಲೇ ಹೇಳಿದಳು. "ಅಜ್ಜಿ, ನಂಗೆ... ನೀನ್ ಹೇಳೋದೆಲ್ಲ ಕೇಳುಸ್ತೈತೆ. ಚಪ್ಲಿ ಬ್ಯಾಡ ಅನ್ನು. ನನ್ ಕೈ ಹಿಡ್ಕೊ."

ಕ್ಲೀನರು ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡ. ದೊಡ್ಡಗಂಗಮ್ಮನವರು ಬಾಯಿ ತೆರೆದುಕೊಂಡು ಮೊಮ್ಮಗಳನ್ನೇ ನೋಡುತ್ತ ಕೈ ಹಿಡಿದುಕೊಂಡರು. ಮೂವತ್ತೆಂಟು ಡಬ್ಬಿ ಇದ್ದವು. ಕೊನೆಯದು ಹೋಗುವಷ್ಟರಲ್ಲಿ ಮಗುವಿನ ಮುಖಕ್ಕೆ ಬಣ್ಣ ವಾಪಸು ಬಂದಿತ್ತು. ಗೇಟು ಎದ್ದಿತು, ಹಿಂದಿನವರ ಹಾರನ್ನುಗಳೂ ಎದ್ದವು.

"ಬಸ್ಸು ಇನ್ನೂ ಸಿಗುತ್ತೆ ದೊಡ್ಡಮ್ಮ" ಎಂದರು ಸಾಬರು. "ಮುಂದಕ್ಕೆ ಹೊಡೀಲಾ, ತಿರುಗುಸ್ಲಾ?"

ಚೆನ್ನಿ ಅಜ್ಜಿಯ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಜ್ಜಿ, ನಿನ್ ಕೈ ತಣ್ಣುಗೈತೆ. ಬೆಳ್ಳು ನಡುಗ್ತಾವೆ. ನಿಂಗೂ ಬಂತಾ?" ಎಂದು ಕೇಳಿದಳು.

ದೊಡ್ಡಗಂಗಮ್ಮನವರು ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡರು. ಮೊಮ್ಮಗಳ ಕಡೆ ಬಗ್ಗಿ, ಗಾಡಿಯೊಳಗಿನವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಬರೆ ಹಾಕುದ್ಮೇಲೆ ನಿಂತೋಯ್ತು ಅಂತಿದ್ನಲ್ಲವ್ವ, ಅದು ನಿಂತಿರ್ಲಿಲ್ಲ. ಇನ್ನೊಂದ್ಸಲ ಹಾಕ್ತಾರೆ ಅಂತ ನಾನು ಹೇಳೋದ್ನ ನಿಲ್ಲುಸ್ದೆ. ನಿಮ್ ತಾತುಂಗೂ ಹೇಳಿರ್ಲಿಲ್ಲ. ಅರ್ವತ್ತು ವರ್ಸ ಆಯ್ತು."

ಸಾಬರ ಕಣ್ಣು ತುಂಬಿ ಬಂತು. ಹಿಂದೆ ಲಾರಿಯವನು ಬೊಬ್ಬೆ ಹೊಡೆಯುತ್ತಿದ್ದ, ಹೊಡೆಯಲಿ.

ಚೆನ್ನಿ ಎದ್ದು ಅಜ್ಜಿಯ ಮಗ್ಗುಲಿಗೆ ಜರುಗಿ ಕೂತಳು, ಸಾಬರು ಕೂರುತ್ತಿದ್ದ ಹಾಗೆಯೇ. "ಬಂದಿದ್ದು ಹೋಗುತ್ತೆ ಅಜ್ಜಿ. ಕಾಲ್ ಊರು. ಫುರ್‌ರ್ ಅನ್ನು."

ದೊಡ್ಡಗಂಗಮ್ಮನವರು ಕಾಲು ಊರಿ, ಬಾಯಿ ತುಂಬ ಎಲೆಅಡಿಕೆ ಇದೆ ಎನ್ನುವುದನ್ನೂ ಮರೆತು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಫುರ್‌ರ್‌ರ್ ಎಂದರು. ಹಬೀಬ್ ಸಾಬರ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಕತ್ತಿನಿಂದ ಸೊಂಟದವರೆಗೆ ಕೆಂಪಾಯಿತು. ಸಾಬರು ಅದನ್ನೊಮ್ಮೆ ನೋಡಿಕೊಂಡರು. ಒಂದು ಮಾತೂ ಆಡದೆ ಲಗಾಮು ಹಿಡಿದು ಮೈನಾಳನ್ನು ಬಟವಾಡಿಯ ಕಡೆಗೆ ತಿರುಗಿಸಿದರು.